ಸನ್ಮಾನ್ಯ ಪರಿಹಾರ ಕಡತ ಮಹೋದಯರ ದಿವ್ಯ ಸನ್ನಿಧಿಗೆ

ಇವರಿಗೆ,
ಸನ್ಮಾನ್ಯ ಪರಿಹಾರ ಕಡತ ಮಹೋದಯರು,
ಮೂಲೆಯ ರ‍್ಯಾಕು, ಕೆಳಗಿನ ಅರೆ,
ಚಿಕ್ಕೋಡಿ ಸೀಮೆಯ ಯಾವುದೋ ಒಂದು ಸರ್ಕಾರಿ ಕಚೇರಿ.

ವಿಷಯ: ಕರ್ತವ್ಯದ ಮೇಲಿದ್ದಾಗ ಕೈಕಾಲು ಕಳೆದುಕೊಂಡ ನೌಕರರ ಪರವಾಗಿ ತಮಗೆ ಅನಂತ ಕೃತಜ್ಞತೆ ಸಲ್ಲಿಸುವ ಕುರಿತು.

ಉಲ್ಲೇಖ: ತಮ್ಮ ಸನ್ನಿಧಿಗೆ ಈ ಹಿಂದೆ ಸಲ್ಲಿಸಿದ, ಈಗ ತಮಗೇ ಸಿಗದಿರುವ ನಮ್ಮ ಅರ್ಜಿಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇತ್ತ ನಾವು ಅಷ್ಟೇನೂ ಕ್ಷೇಮವಿಲ್ಲ. ಅತ್ತ ತಾವು ಪರಮ ಕ್ಷೇಮವೆಂದು ತಮ್ಮ ಮೇಲಿನ ಧೂಳು ನೋಡಿ ತಿಳಿದು ಸಂತೋಷವಾಯಿತು. ನಾನು ಕೃಷ್ಣೆ, ದೂಧಗಂಗೆ, ವೇದಗಂಗೆಯರ ನಡುವಿನ ಕಬ್ಬಿನ ಸೀಮೆಯವನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲ್ಲೂಕುಗಳಲ್ಲಿ ನನ್ನ ಬಂಧುಬಳಗ, ಗೆಳೆಯರು ಒಂದಲ್ಲ ಒಂದು ಬಗೆಯ ಸರ್ಕಾರಿ ಕೆಲಸದಲ್ಲಿದ್ದಾರೆ. ಕಂಬ ಹತ್ತುವವರು, ಬಸ್ಸು ಓಡಿಸುವವರು, ಗಟಾರ ಬಳಿಯುವವರು, ನೀರಿನ ವಾಲ್ವ್ ತಿರುಗಿಸುವವರು, ಹೊಳೆ ಬಂದಾಗ ಬೋಟಿನಲ್ಲಿ ಹೋಗಿ ಬಿದ್ದ ಮನೆ ಎಣಿಸುವವರು. ಇವರಲ್ಲಿ ಬಿದ್ದವರು, ಸುಟ್ಟುಕೊಂಡವರು, ಬೆರಳು ಕಳೆದುಕೊಂಡವರು ಕೊನೆಗೆ ಬಂದು ಸೇರುವುದು ತಮ್ಮ ಉಡಿಗೇ. ಆ ಉಪಕಾರ ಸ್ಮರಣೆಗೆಂದೇ ಈ ಬಹಿರಂಗ ಪತ್ರ.

ಮೊದಲು ತಮ್ಮ ದಿವ್ಯರೂಪವನ್ನು ವರ್ಣಿಸಲು ಅಪ್ಪಣೆ ಕೊಡಿ. ಬೂದು ಬಣ್ಣದ ರಟ್ಟು, ಮಾಸಿದ ಕೆಂಪು ದಾರ, ಎದೆಯ ಮೇಲೆ ಮೂರು ಬಗೆಯ ಕೈಬರಹದಲ್ಲಿ ಮೂರು ಬೇರೆ ಬೇರೆ ಸಂಖ್ಯೆ. ಒಳಗೆ ಒಂದು ಬದಿಗೆ ಟಿಪ್ಪಣಿ ಹಾಳೆ, ಇನ್ನೊಂದು ಬದಿಗೆ ಪತ್ರವ್ಯವಹಾರ. ಟಿಪ್ಪಣಿಯಲ್ಲಿ ‘ಪರಿಶೀಲಿಸಿ ಮಂಡಿಸಿ’, ಅದರ ಕೆಳಗೆ ‘ಪರಿಶೀಲಿಸಿ ಮಂಡಿಸಿದೆ’, ಅದರ ಕೆಳಗೆ ‘ಚರ್ಚಿಸಿ’, ಅದರ ಕೆಳಗೆ ಯಾರೂ ಏನೂ ಚರ್ಚಿಸದ ಎರಡು ಬೆರಳಗಲ ಖಾಲಿ ಜಾಗ. ಗಾಯಾಳುವಿನ ಬೆನ್ನುಮೂಳೆಯ ಎಕ್ಸ್‌ರೇಗೆ ಎರಡು ಸ್ಟೇಪ್ಲರ್ ಪಿನ್ನು ಹೊಡೆದಿದ್ದೀರಿ, ಒಂದು ಸರಿಯಾಗಿ ಮುರಿದ ಮೂಳೆಯ ಮೇಲೆಯೇ. ಚಿಂಚಲಿ ಮಾಯಕ್ಕನ ಪಲ್ಲಕ್ಕಿ ಮನೆಮನೆಯ ಮುಂದೆ ನಿಂತು ಕಾಯಿ ಕರ್ಪೂರ ಸ್ವೀಕರಿಸಿ ಮುಂದೆ ಸಾಗುವಂತೆ ತಾವೂ ಮೇಜಿನಿಂದ ಮೇಜಿಗೆ ಚಿತ್ತೈಸುತ್ತೀರಿ. ಒಂದೇ ವ್ಯತ್ಯಾಸ, ಪಲ್ಲಕ್ಕಿ ಸಂಜೆಗೆ ಗುಡಿ ಮುಟ್ಟುತ್ತದೆ. ಈಗ ಇ-ಆಫೀಸ್ ಬಂದ ಮೇಲೆ ತಾವು ಕಂಪ್ಯೂಟರಿನೊಳಗೂ ಅವತರಿಸಿದ್ದೀರಂತೆ. ಅಲ್ಲಿ ಧೂಳಿಲ್ಲ, ನಿದ್ದೆಗೆ ಇನ್ನೂ ಅನುಕೂಲ.

ತಮಗೆ ನಮ್ಮ ಮೊದಲ ಕೃತಜ್ಞತೆ, ನಮಗೆ ತಾಳ್ಮೆ ಕಲಿಸಿದ್ದಕ್ಕೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಗೆ ತಾಳ್ಮೆ ಎಂಬುದೇ ಗೊತ್ತಿರಲಿಲ್ಲ. ನೌಕರನಿಗೆ ಸಲ್ಲಬೇಕಾದ್ದನ್ನು ಸಲ್ಲಬೇಕಾದ ಕೂಡಲೇ ಕೊಡಬೇಕು, ತಿಂಗಳು ದಾಟಿದರೆ ಶೇ 12ರ ಬಡ್ಡಿ, ತಡಕ್ಕೆ ತಕ್ಕ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೂ ದಂಡ ಎಂದು ಅದು ಅವಸರ ಮಾಡುತ್ತಿತ್ತು. ಪೂರ್ತಿ ಹೊಣೆ ಒಪ್ಪದ ಮಾಲೀಕನೂ ಒಪ್ಪಿದಷ್ಟನ್ನು ಮೊದಲು ಕೊಟ್ಟು ಆಮೇಲೆ ಜಗಳಕ್ಕೆ ನಿಲ್ಲಲಿ ಎನ್ನುತ್ತಿತ್ತು. ಆ ಕಾಯ್ದೆ 2010ರಲ್ಲಿ ‘ನೌಕರರ ಪರಿಹಾರ ಕಾಯ್ದೆ’ ಎಂದು ಹೆಸರು ಬದಲಿಸಿಕೊಂಡಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿ 2025ರ ನವೆಂಬರ್ 21ರಿಂದ ಹೊಸ ಮನೆಯಲ್ಲಿ ವಾಸವಾಗಿದೆ. ಆದರೂ ತನ್ನ ಅವಸರದ ಸ್ವಭಾವ ಬಿಟ್ಟಿಲ್ಲ. ಪರಿಹಾರ ಸಲ್ಲಬೇಕಾದದ್ದು ಯಾವಾಗಿನಿಂದ ಎಂಬ ಪ್ರಶ್ನೆಗೆ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು 1975ರಲ್ಲೇ ಉತ್ತರ ಕೊಟ್ಟಿದ್ದಾರೆ: ಗಾಯವಾದ ದಿನದಿಂದ. ಮಂಜೂರಾತಿಯ ದಿನದಿಂದಲ್ಲ, ಕಮಿಷನರ್ ಆದೇಶದ ದಿನದಿಂದಲೂ ಅಲ್ಲ. ಅಂದರೆ ಕಾನೂನಿನ ಲೆಕ್ಕದಲ್ಲಿ, ಮಹೋದಯರೇ, ತಾವು ಹುಟ್ಟುವ ಮೊದಲೇ ಪರಿಹಾರ ಹುಟ್ಟಿರುತ್ತದೆ. ತಮ್ಮ ಕೆಲಸ ಅದನ್ನು ತಲುಪಿಸುವುದಷ್ಟೇ. ತಾವು ಮಾತ್ರ ವಿನಯದಿಂದ ಅದನ್ನು ಪೂರ್ತಿ ಬೆಳೆಸಿ, ಓದಿಸಿ, ಮದುವೆ ಮಾಡಿಸಿಯೇ ಕಳಿಸುತ್ತೇವೆಂದು ಇಟ್ಟುಕೊಂಡಿದ್ದೀರಿ.

ಈ ವಾತ್ಸಲ್ಯಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದು ತಮ್ಮ ಅವಗಾಹನೆಗೆ ಬಂದಿರಲಿಕ್ಕಿಲ್ಲ. ತಿಂಗಳಿಗೆ 15,000 ರೂಪಾಯಿ ದುಡಿಯುವ, 40 ತುಂಬಿದ ಗುತ್ತಿಗೆ ಲೈನ್‌ಮನ್ ಒಬ್ಬ 2022ರ ಮಳೆಗಾಲದಲ್ಲಿ ಬಲಗೈ ಹೆಬ್ಬೆರಳು ಕಳೆದುಕೊಂಡ ಎಂದಿಟ್ಟುಕೊಳ್ಳಿ. ಸಂಬಳದ ಶೇ 60 ಅಂದರೆ 9,000. ಆ ವಯಸ್ಸಿಗೆ ಕಾಯ್ದೆಯ ಕೋಷ್ಟಕ ಕೊಡುವ ಗುಣಕ 184.17. ಗುಣಿಸಿದರೆ 16,57,530. ಹೆಬ್ಬೆರಳಿಗೆ ಕಾಯ್ದೆ ಕಟ್ಟಿದ ಬೆಲೆ ಶೇ 30. ಒಟ್ಟು 4,97,259 ರೂಪಾಯಿ. ಐದನೇ ಇಯತ್ತೆಯ ಹುಡುಗ ಊಟಕ್ಕೆ ಬಿಡುವ ಮೊದಲೇ ಮಾಡಿ ಮುಗಿಸುವ ಲೆಕ್ಕ. ಇದಕ್ಕೆ ಶೇ 12ರ ಸರಳ ಬಡ್ಡಿ ದಿನಕ್ಕೆ ಸುಮಾರು 163 ರೂಪಾಯಿ. ತಾವು ಕೆಳಗಿನ ಅರೆಯಲ್ಲಿ ಮಲಗಿದ ಪ್ರತಿ ರಾತ್ರಿಗೂ ಖಜಾನೆಗೆ 163 ರೂಪಾಯಿ ಹೊರೆ. ಅದು ಸಾಹೇಬರ ಜೇಬಿನಿಂದ ಬರುವುದಿಲ್ಲ, ‘ನಾಳಿ ಬರ್ರಿ’ ಎಂದವರ ಸಂಬಳದಿಂದಲೂ ಬರುವುದಿಲ್ಲ. ಅಂಗಡಿಯಲ್ಲಿ ಸಾಬೂನು ಕೊಳ್ಳುವ ಆ ಲೈನ್‌ಮನ್ನನ ಹೆಂಡತಿ ಕಟ್ಟುವ ತೆರಿಗೆಯಿಂದ ಬರುತ್ತದೆ. ಗಂಡನ ಹೆಬ್ಬೆರಳಿನ ಬಡ್ಡಿಯನ್ನು ಹೆಂಡತಿಯ ಕೈಯಿಂದಲೇ ಕಟ್ಟಿಸುವ ಈ ಚಾತುರ್ಯಕ್ಕೆ ಯಾವ ಅರ್ಥಶಾಸ್ತ್ರಜ್ಞನೂ ಸಾಟಿಯಿಲ್ಲ.

ಎರಡನೆಯ ಕೃತಜ್ಞತೆ, ನಾವು ಯಾರೆಂಬುದನ್ನು ನಮಗೆ ತಿಳಿಸಿಕೊಟ್ಟದ್ದಕ್ಕೆ. ಗಾಯವಾಗುವ ಮುನ್ನಾ ದಿನದವರೆಗೂ ಇವರೆಲ್ಲ ಸರ್ಕಾರದ ಜನ ಎಂದೇ ಊರು ತಿಳಿದಿತ್ತು. ರಾತ್ರಿ ಕರೆಂಟ್ ಹೋದರೆ ಕರೆಯುವುದು ಇವರನ್ನೇ, ನಳದಲ್ಲಿ ನೀರು ಬರದಿದ್ದರೆ ಬೈಯುವುದು ಇವರನ್ನೇ. ಗಾಯವಾದ ಮರುದಿನ ತಾವು ಕೃಪೆಮಾಡಿ ಬೇರ್ಪಡಿಸಿ ಹೇಳಿದಿರಿ. ಕಾಯಂ ನೌಕರನಿಗೆ: ‘ನಿನಗೆ ಸೇವಾ ನಿಯಮ ಅದಾವ, ಪರಿಹಾರ ಕಾಯ್ದೆ ನಿನಗಲ್ಲ.’ ನಿಗಮದವನಿಗೆ: ‘ನೀನು ಸರ್ಕಾರದವನಲ್ಲ, ಮಂಡಳಿಯವನು.’ ಹೊರಗುತ್ತಿಗೆಯವನಿಗೆ: ‘ಏಜೆನ್ಸಿಯವರನ್ನ ಕೇಳು.’ ಏಜೆನ್ಸಿಯವರು ಟೆಂಡರ್ ಮುಗಿಸಿಕೊಂಡು ಫೋನ್ ನಂಬರ್ ಬದಲಿಸಿದ್ದಾರೆ. ಅಂಗನವಾಡಿ ಅಕ್ಕನಿಗೆ, ಆಶಾ ತಂಗಿಗೆ: ‘ನಿಮಗೆ ಸಂಬಳ ಎಲ್ಲೈತಿ, ಗೌರವಧನ ಅದು.’ ಗೌರವ ಕೊಟ್ಟ ಮೇಲೆ ಮುರಿದ ಕಾಲಿಗೆ ಹಣವನ್ನೂ ಕೇಳುವುದು ಸಭ್ಯತೆಯಲ್ಲ ಎಂಬ ಪಾಠ ತಮ್ಮಿಂದ ಕಲಿತೆವು. ಅಂಗನವಾಡಿ ಕಾರ್ಯಕರ್ತೆ ಸಿವಿಲ್ ಹುದ್ದೆಯಲ್ಲಿಲ್ಲ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2006ರಲ್ಲಿ ಗೆದ್ದು ಬಂದದ್ದು ನಮ್ಮ ಕರ್ನಾಟಕ ಸರ್ಕಾರವೇ. 2022ರಲ್ಲಿ ಅದೇ ಕೋರ್ಟು ಗುಜರಾತಿನ ಪ್ರಕರಣವೊಂದರಲ್ಲಿ ಆ ಗೌರವಧನವೂ ವೇತನವೇ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಮೊದಲನೆಯ ತೀರ್ಪಿನ ಪ್ರತಿ ತಮ್ಮ ಹೊಟ್ಟೆಯಲ್ಲಿದೆ. ಎರಡನೆಯದು ಇನ್ನೂ ಟಪಾಲಿನಲ್ಲಿದೆ ಎಂದು ಭಾವಿಸುತ್ತೇನೆ.

ತಮ್ಮ ಓದಿನ ಹವ್ಯಾಸಕ್ಕೆ ನೆರವಾಗಲೆಂದು ಆ ಹಳೆಯ ಕಾಯ್ದೆಯ ಎರಡು ಸಾಲು ಜ್ಞಾಪಿಸುತ್ತೇನೆ, ಉದ್ಧಟತನವೆಂದು ತಿಳಿಯಬಾರದು. ಎರಡನೆಯ ಸೆಕ್ಷನ್ನಿನ ಎರಡನೆಯ ಉಪಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆಯ ಕೆಲಸವನ್ನೂ ಸರ್ಕಾರದ ಪರವಾಗಿ ಇಲಾಖೆ ಮಾಡುವ ಕೆಲಸವನ್ನೂ ಆ ಸಂಸ್ಥೆಯ, ಆ ಇಲಾಖೆಯ ಸ್ವಂತ ವ್ಯಾಪಾರ ವಹಿವಾಟೆಂದೇ ಭಾವಿಸಬೇಕು. ಹನ್ನೆರಡನೆಯ ಸೆಕ್ಷನ್ ಪ್ರಕಾರ ತನ್ನ ವಹಿವಾಟಿನ ಕೆಲಸವನ್ನು ಗುತ್ತಿಗೆದಾರನಿಗೆ ಒಪ್ಪಿಸಿದವನು ಆ ಗುತ್ತಿಗೆದಾರನ ಆಳು ಗಾಯಗೊಂಡರೆ ತಾನೇ ಪರಿಹಾರ ಕೊಡಬೇಕು. ಕೊಟ್ಟಾದ ಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ‘ಏಜೆನ್ಸಿಯವರನ್ನ ಕೇಳು’ ಎಂಬ ಮಂತ್ರಕ್ಕೆ ಜಾಗವೇ ಉಳಿಯುವುದಿಲ್ಲ. ಏಜೆನ್ಸಿಯವನನ್ನು ಹುಡುಕಿಕೊಂಡು ಹೋಗಬೇಕಾದವರು ತಾವು, ಊರುಗೋಲು ಹಿಡಿದವನಲ್ಲ. ಖಾಸಗಿ ಗಿರಣಿಯ ಮಾಲೀಕ ಹೀಗೆ ನುಣುಚಿಕೊಂಡರೆ ನೋಟಿಸು ಕೊಡಲು ಸರ್ಕಾರಕ್ಕೊಂದು ಇಲಾಖೆಯೇ ಇದೆ. ಸರ್ಕಾರವೇ ಮಾಲೀಕನಾದಾಗ ಮಾತ್ರ ಮಾಲೀಕನೇ ಕಾಣೆಯಾಗುವ ಈ ಪವಾಡವನ್ನು ಹತ್ತಿರದಿಂದ ನೋಡುವ ಭಾಗ್ಯ ನಮ್ಮದು.

ಮೂರನೆಯದಾಗಿ, ಸತ್ಯಶೋಧನೆಯಲ್ಲಿ ತಮಗಿರುವ ಆಸಕ್ತಿ. ನಮ್ಮ ಕಬ್ಬಿನ ಸೀಮೆಯಲ್ಲಿ ಪಂಪ್‌ಸೆಟ್ಟಿಗೆ ಥ್ರೀ ಫೇಸ್ ಬರುವುದು ಹೆಚ್ಚಾಗಿ ಅಪರಾತ್ರಿಯಲ್ಲಿ. ಆಳೆತ್ತರದ ಕಬ್ಬಿನ ನಡುವೆ, ಕೆಸರಿನಲ್ಲಿ, ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು ಕಂಬ ಹತ್ತಿದವನು ಶಾಕ್ ಹೊಡೆದು ಬಿದ್ದರೆ ತಮ್ಮ ಮೊದಲ ಪ್ರಶ್ನೆ: ‘ಎಲ್‌ಸಿ ತೊಗೊಂಡಿದ್ದೇನು?’ ಲೈನ್ ಕ್ಲಿಯರ್ ಬೇಕೇ ಬೇಕು, ತಾವು ಕೇಳುವುದು ಸರಿ. ಆದರೆ ಸಬ್‌ಸ್ಟೇಷನ್ನಿನ ಪುಸ್ತಕದಲ್ಲಿ ಯಾರು ಏನು ಬರೆದರು, ಆಫ್ ಆಗಿದ್ದ ಲೈನನ್ನು ಯಾರು ಚಾಲೂ ಮಾಡಿದರು, ಯಾರ ಮನೆಯ ಜನರೇಟರ್ ತಂತಿಗೆ ಉಲ್ಟಾ ಕರೆಂಟ್ ಹರಿಸಿತು ಎಂಬ ಪ್ರಶ್ನೆಗಳು ತಮ್ಮ ಪಟ್ಟಿಯಲ್ಲಿಲ್ಲ. ಕೈಗವಸು ಕೊಟ್ಟ ರಸೀದಿ ಜೋಪಾನವಾಗಿದೆ. ಕೈಗವಸು ತೂತು ಬಿದ್ದಿದೆ ಎಂದು ಅವನು ಬರೆದುಕೊಟ್ಟ ಚೀಟಿ ಮಾತ್ರ ಇಲ್ಲ. ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದವನಿಗೆ ಪರಿಹಾರ ತಪ್ಪಿಸಲು ಕಾನೂನಿನಲ್ಲಿ ಒಂದು ಕಿಂಡಿ ಇರುವುದು ನಿಜ. ಆದರೆ ಸಾವು ಇಲ್ಲವೆ ಶಾಶ್ವತ ಪೂರ್ಣ ಅಂಗವೈಕಲ್ಯ ಆದಾಗ ಆ ಕಿಂಡಿ ಮುಚ್ಚಿರಬೇಕೆಂದು ಅದೇ ವಾಕ್ಯ ಹೇಳುತ್ತದೆ. ತಮ್ಮ ಪ್ರತಿಯಲ್ಲಿ ವಾಕ್ಯ ಅರ್ಧಕ್ಕೇ ಹರಿದಿರಬೇಕು.

‘ಆ ಹೊತ್ತಿಗೆ ಡ್ಯೂಟಿಯಲ್ಲಿದ್ದನೇ?’ ಎಂಬ ತಮ್ಮ ಪ್ರಶ್ನೆಗೂ ನಾವು ಋಣಿಗಳು. ಕಚೇರಿ ಹತ್ತಕ್ಕೆ ತೆರೆಯುತ್ತದೆ, ಟ್ರ್ಯಾಕ್ಟರ್ ಗುದ್ದಿದ್ದು ಒಂಬತ್ತೂ ಐವತ್ತಕ್ಕೆ, ಆದ್ದರಿಂದ ಅದು ಖಾಸಗಿ ಸಾವು ಎಂಬ ತಮ್ಮ ತರ್ಕಕ್ಕೆ ತಲೆಬಾಗಿದ್ದೇವೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳನ್ನು ತಾವು ಕಂಡಿರಲಾರಿರಿ. ಎರಡೆರಡು ಟ್ರೇಲರ್, ಹಿಂದೆ ದೀಪವಿಲ್ಲ, ಮಿಂಚುಪಟ್ಟಿಯಿಲ್ಲ, ಮೇಲೆ ಆಕಾಶದವರೆಗೆ ಕಬ್ಬು. ಮಳೆಗಾಲದಲ್ಲಿ ಕಲ್ಲೋಳ–ಯಡೂರ, ಜತ್ರಾಟ–ಭಿವಶಿ ಸೇತುವೆಗಳು ನೀರಿನಡಿ ಹೋಗುತ್ತವೆ, ಹತ್ತು ನಿಮಿಷದ ದಾರಿಗೆ ಸುತ್ತು ಹಾಕಬೇಕು. ಪಕ್ಕದ ಮಹಾರಾಷ್ಟ್ರದ ಧಾರಾಶಿವ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರಲ್ಲಿ ಬೆಳಗಿನ ಜಾವ 3 ಗಂಟೆಯ ಪಾಳಿಗೆಂದು ಬೈಕಿನಲ್ಲಿ ಹೊರಟು ದಾರಿಯಲ್ಲೇ ತೀರಿಕೊಂಡ. ಮನೆಗೂ ದುಡಿಮೆಗೂ ನಡುವಿನ ಅಂಥ ದಾರಿಯೂ, ಹೊತ್ತು, ಜಾಗ, ಸಂದರ್ಭ ಕೆಲಸದೊಂದಿಗೆ ಹೊಂದಿಕೆಯಾದರೆ, ದುಡಿಮೆಯ ಭಾಗವೇ ಎಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿತು. ಡ್ಯೂಟಿ ಮುಗಿಸಿ ಸಂಸ್ಥೆಯದೇ ಬಸ್ಸಿನಲ್ಲಿ ಮನೆಗೆ ಹೊರಟು ಸತ್ತ ಮುಂಬೈಯ ಬೆಸ್ಟ್ ಚಾಲಕನ ಪ್ರಕರಣದಲ್ಲಿ ಇಂಥದ್ದೇ ಮಾತನ್ನು 1963ರಲ್ಲೇ ಹೇಳಿತ್ತು. ಆ ಕಾವಲುಗಾರನ ಮನೆಯವರು 22 ವರ್ಷ ಕಾದರು. ಇಷ್ಟು ಕಾಲ ಕಾಯುವ ಸಾಮರ್ಥ್ಯ ಗಾಯಾಳುಗಳಿಗೆ ಎಲ್ಲಿಂದ ಬರುತ್ತದೆ ಎಂದು ಜನ ಕೇಳುತ್ತಾರೆ. ತಮ್ಮ ಹೆಸರು ಹೇಳುತ್ತೇನೆ.

ನಾಲ್ಕನೆಯದು, ನಾಡಿನ ಗಡಿ ಕಾಯುವ ತಮ್ಮ ನಿಷ್ಠೆ. ಕಾಗವಾಡದವನು ಬಿದ್ದರೆ ಆಂಬುಲೆನ್ಸ್ ಸಹಜವಾಗಿ ಮೀರಜ್ ಕಡೆ ತಿರುಗುತ್ತದೆ. ಅದು ಕಣ್ಣಳತೆಯ ದೂರ, ಬೆಳಗಾವಿ ನೂರು ಕಿಲೋಮೀಟರಿಗೂ ಮೇಲು. ನಿಪ್ಪಾಣಿಯವನಿಗೆ ಕೊಲ್ಹಾಪುರ ಹತ್ತಿರ. ರಕ್ತ ಸುರಿಯುವಾಗ ಮನೆಯವರು ರಾಜ್ಯ ಪುನರ್ವಿಂಗಡಣೆಯ ನಕಾಶೆ ಬಿಡಿಸಿ ನೋಡಲಿಲ್ಲ, ಅದು ಅವರ ದೋಷವೇ. ಹೊರರಾಜ್ಯದ ಆಸ್ಪತ್ರೆ, ಮಾನ್ಯತೆಯ ಪಟ್ಟಿಯಲ್ಲಿಲ್ಲ, ಬಿಲ್ಲಿನ ಶಿಕ್ಕೆ ಮರಾಠಿಯಲ್ಲಿದೆ ಎಂದು ತಾವು ಹುಬ್ಬೇರಿಸಿದಿರಿ. ಗಡಿ ವಿವಾದದಲ್ಲಿ ನಾಡಿನ ಪರ ಇಷ್ಟು ಗಟ್ಟಿಯಾಗಿ ನಿಂತ ಇನ್ನೊಂದು ಕಾಗದವನ್ನು ನಾನು ಕಂಡಿಲ್ಲ. ಆದರೆ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂಬುದು ಪ್ರಶ್ನೆಯಲ್ಲ, ನೌಕರ ನಿಜವಾಗಿ ಚಿಕಿತ್ಸೆ ಪಡೆದನೇ, ದಾಖಲೆ ಇದೆಯೇ ಎಂಬುದಷ್ಟೇ ಪ್ರಶ್ನೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನಿವೃತ್ತ ಕೇಂದ್ರ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿದೆ. ಈ ಮಾತು ದೆಹಲಿಯಿಂದ ಬರುತ್ತ ತವಂದಿ ಘಾಟಿನಲ್ಲಿ ಎಲ್ಲೋ ಸಿಕ್ಕಿಬಿದ್ದಿರಬಹುದು.

ಇನ್ನು ವೈದ್ಯಕೀಯ ಮಂಡಳಿಯ ಮುಂದೆ ನಮ್ಮವರನ್ನು ನಿಲ್ಲಿಸುವ ತಮ್ಮ ಕಾಳಜಿ. ಕಾಯ್ದೆಯ ಅನುಸೂಚಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ಶೇ 14, ನಡುಬೆರಳಿಗೆ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7, ಒಂದು ಕಣ್ಣು ಹೋದರೆ 40. ಸಂತೆಯಲ್ಲಿ ದರ ಕೂಗಿದಂತಿದ್ದರೂ ಇದು ಕನಿಷ್ಠ ಖಾತ್ರಿ, ಚೌಕಾಸಿಗೆ ಅವಕಾಶವಿಲ್ಲ. ಪಟ್ಟಿಯಲ್ಲಿಲ್ಲದ ಗಾಯಕ್ಕೆ ಕೇಳಬೇಕಾದ್ದು ಎಷ್ಟು ಮಾಂಸ ಹೋಯಿತು ಎಂದಲ್ಲ, ಎಷ್ಟು ದುಡಿಮೆ ಹೋಯಿತು ಎಂದು. ನಾನು ಮೇಲೆ ಹೇಳಿದ 1975ರ ಪ್ರಕರಣದ ಗಾಯಾಳು ಒಬ್ಬ ಬಡಗಿ, ಎಡಗೈ ಹೋಗಿತ್ತು. ಒಂದೇ ಕೈಯಲ್ಲಿ ಬಡಗಿತನ ನಡೆಯುವುದಿಲ್ಲ, ಆದ್ದರಿಂದ ಅವನ ನಷ್ಟ ಪೂರ್ತಿ ನೂರಕ್ಕೆ ನೂರು ಎಂದರು ನ್ಯಾಯಮೂರ್ತಿಗಳು. ಸ್ಟಿಯರಿಂಗ್ ಹಿಡಿಯಲಾಗದ ಬಸ್ ಚಾಲಕನಿಗೆ ಶೇ 22 ಎಂದು ಬರೆದು, ‘ಉಳಿದ ಶೇ 78ರಲ್ಲಿ ಗಾಡಿ ಓಡಸು’ ಎನ್ನುವ ತಮ್ಮ ಗಣಿತ ಇವೆಲ್ಲಕ್ಕಿಂತ ಎತ್ತರದ್ದು.

ಗಾಡಿ ಓಡಿಸಲಾರೆ ಎಂದವನಿಗೆ ತಾವು ತೋರುವ ಕರುಣೆಯಂತೂ ಕಣ್ಣಲ್ಲಿ ನೀರು ತರಿಸುತ್ತದೆ. ‘ಯಾಕ ಕಷ್ಟಪಡತಿ, ವೈದ್ಯಕೀಯ ಕಾರಣ ಬರದು ಸ್ವಂತ ಇಚ್ಛಾದಿಂದ ನಿವೃತ್ತಿ ತೊಗೊ’ ಎನ್ನುತ್ತೀರಿ. ಅರ್ಜಿಯ ಮಾದರಿಯನ್ನೂ ತಾವೇ ಕೊಡುತ್ತೀರಿ, ‘ಸ್ವ-ಇಚ್ಛೆಯಿಂದ’ ಎಂಬ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 20ನೇ ಸೆಕ್ಷನ್ನು ಇದನ್ನು ಕಂಡರೆ ಬೆಚ್ಚಿಬೀಳುತ್ತದೆ. ಸೇವೆಯಲ್ಲಿದ್ದಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಹುದ್ದೆ ಆಗದಿದ್ದರೆ ಅದೇ ಸಂಬಳ ಸವಲತ್ತಿನ ಬೇರೆ ಹುದ್ದೆ, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಉಳಿಸಿಕೊಳ್ಳಬೇಕು. ಇದು ಹೊಸದೂ ಅಲ್ಲ, 1995ರ ಕಾಯ್ದೆಯಲ್ಲೂ ಇತ್ತು. ಕರ್ತವ್ಯದಲ್ಲಿ ಕಾಲು ಕಳೆದುಕೊಂಡು ಮನೆಗೆ ಕಳಿಸಲ್ಪಟ್ಟಿದ್ದ ಪೇದೆ ಕುನಾಲ್ ಸಿಂಗ್ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಜಾರಿಗೊಳಿಸಿಯೂ ತೋರಿಸಿತು. ಅಂದರೆ ಪೆನ್ಸಿಲ್ ಗುರುತಿನ ಜಾಗದಲ್ಲಿ ನಮ್ಮವರು ಸಹಿ ಹಾಕಬೇಕಾದ ಅಗತ್ಯ ಎಂದೂ ಇರಲಿಲ್ಲ. ಹೇಳಲು ತಾವು ಮರೆತಿರಿ.

ಮರೆವಿನ ಮಾತು ಬಂದದ್ದರಿಂದ ಇನ್ನೊಂದು. ಪರಿಹಾರ ಕಾಯ್ದೆಯ 2017ರ ತಿದ್ದುಪಡಿ ಪ್ರಕಾರ ಕೆಲಸಕ್ಕೆ ಸೇರಿಸಿಕೊಂಡ ಕೂಡಲೇ ಪರಿಹಾರದ ಹಕ್ಕನ್ನು ನೌಕರನಿಗೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ತಿಳಿಸಬೇಕು. ತಪ್ಪಿದರೆ ಆ ಹಳೆಯ ಕಾಯ್ದೆಯಡಿ 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡವಿತ್ತು. ನಾನು ಬಲ್ಲ ಒಬ್ಬ ವಾಟರ್‌ಮನ್ನೂ ಅಂಥ ಕಾಗದ ಕಂಡಿಲ್ಲ. ಅವರು ಕಂಡ ಏಕೈಕ ಲಿಖಿತ ಕನ್ನಡ ‘ಕಾರಣ ಕೇಳಿ ನೋಟಿಸು’. ಇದರ ಹಿಂದಿನ ದೂರದೃಷ್ಟಿ ನನಗೆ ಆಮೇಲೆ ಹೊಳೆಯಿತು. ಅಪಘಾತವಾಗಿ ಎರಡು ವರ್ಷದೊಳಗೆ ಪರಿಹಾರದ ಅರ್ಜಿ ಹಾಕಬೇಕೆಂಬ ನಿಯಮವಿದೆ. ಹಕ್ಕು ಗೊತ್ತಿಲ್ಲದವನು ಕೋರ್ಟಿಗೆ ಹೋಗುವುದಿಲ್ಲ, ತಮ್ಮ ಮುಂದೆ ಕೈಮುಗಿದು ನಿಲ್ಲುತ್ತಾನೆ. ‘ಆಕ್ಕೈತಿ, ಆಕ್ಕೈತಿ, ಫೈಲ್ ಮ್ಯಾಲ ಹೋಗೇತಿ’ ಎನ್ನುತ್ತ ಎರಡು ವರ್ಷ ದಾಟಿಸಿ, ಮೂರನೆಯ ವರ್ಷದ ಮೊದಲ ದಿನ ‘ಅವಧಿ ಮೀರಿದೆ’ ಎಂದು ಸ್ಪಷ್ಟ ಅಕ್ಷರದಲ್ಲಿ ಷರಾ ಬರೆಯುತ್ತೀರಿ. ಇಡೀ ಟಿಪ್ಪಣಿಯಲ್ಲಿ ಓದಲು ಬರುವ ಕೈಬರಹ ಅದೊಂದೇ. ತಕ್ಕ ಕಾರಣವಿದ್ದರೆ ತಡವಾದ ಅರ್ಜಿಯನ್ನೂ ಕಮಿಷನರ್ ಒಪ್ಪಬಹುದು ಎಂಬ ಮುಂದಿನ ಸಾಲನ್ನು ನಾವು ವಕೀಲರ ಬಾಯಿಂದ ಕೇಳಬೇಕಾಯಿತು. ತಕ್ಕ ಕಾರಣ ಎಂದು ತಮ್ಮನ್ನೇ ಹಾಜರುಪಡಿಸುವ ಯೋಚನೆಯಿದೆ, ತಮ್ಮ ಅನುಮತಿಯಿದ್ದರೆ.

ತಮ್ಮಿಂದಾಗಿ ನಮ್ಮವರು ನೋಡಿದ ಊರುಗಳಿಗೂ ವಂದನೆ ಸಲ್ಲಬೇಕು. ಪರಿಹಾರ ಕಾಯ್ದೆಯವನು ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ. ಸೇವಾ ನಿಯಮದವನು ಕರ್ನಾಟಕ ಆಡಳಿತ ನ್ಯಾಯಮಂಡಳಿಯ ಬೆಳಗಾವಿ ಪೀಠಕ್ಕೆ. ಗೆದ್ದವನು, ಸೋತವನು ಇಬ್ಬರೂ ಧಾರವಾಡದ ಹೈಕೋರ್ಟ್ ಪೀಠಕ್ಕೆ. ಗೆದ್ದವನು ಏಕೆ ಎಂದರೆ, ಅವನು ಗೆದ್ದದ್ದು ತಮಗೆ ಸೇರಲಿಲ್ಲ. ಮೇಲ್ಮನವಿಗೆ ಮಹತ್ವದ ಕಾನೂನು ಪ್ರಶ್ನೆ ಇರಬೇಕು, ಮಾಲೀಕ ಆದೇಶದ ಮೊತ್ತವನ್ನು ಮೊದಲು ಠೇವಣಿ ಇಡಬೇಕು ಎಂದು ಕಾಯ್ದೆ ಹೇಳುತ್ತದೆ. ಕಿರುಬೆರಳಿಗೆ ಶೇ 7 ಕೊಡಬೇಕೋ 6 ಸಾಕೋ ಎಂಬುದು ರಾಷ್ಟ್ರದ ಮಹತ್ವದ ಪ್ರಶ್ನೆ ಎಂದು ತಮಗನ್ನಿಸಿದರೆ ಅಲ್ಲವೆನ್ನಲು ನಾವು ಯಾರು? ಆ ಒಂದು ಪರ್ಸೆಂಟಿಗಿಂತ ವಕೀಲರ ಫೀಸು ಹೆಚ್ಚಾಯಿತಲ್ಲ ಎಂದು ಲೆಕ್ಕ ಹಾಕುವುದು ಸಣ್ಣತನ.

ಕೊನೆಯ ಕೃತಜ್ಞತೆ, ಸಂವಿಧಾನದ ಮೇಲೆ ತಮಗಿರುವ ಭಕ್ತಿಗೆ. ತಮ್ಮ ರ‍್ಯಾಕಿನ ಸರಿಯಾಗಿ ಮೇಲೆ ಗೋಡೆಯಲ್ಲಿ ಬಾಬಾಸಾಹೇಬರ ಭಾವಚಿತ್ರವಿದೆ. ಏಪ್ರಿಲ್ 14ಕ್ಕೆ ಹಾರ ಬೀಳುತ್ತದೆ, ನವೆಂಬರ್ 26ಕ್ಕೆ ಎಲ್ಲರೂ ಎದ್ದು ನಿಂತು ಪೀಠಿಕೆ ಓದುತ್ತಾರೆ. ಆ ಮಹನೀಯರು ಈ ಸೀಮೆಗೆ ಅಪರಿಚಿತರಲ್ಲ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ನಡೆದಾಗ ಬಂದಿದ್ದರು. ಪರಿಹಾರ ಕಾಯ್ದೆ ಜಾರಿಗೆ ಬಂದು ಆಗ ಇನ್ನೂ ವರ್ಷವೂ ತುಂಬಿರಲಿಲ್ಲ. ಮುಂದೆ 1942ರಿಂದ 1946ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರೂ ಅವರೇ. ಅವರ ನೇತೃತ್ವದಲ್ಲಿ ರೂಪುಗೊಂಡ ಸಂವಿಧಾನದ 41ನೇ ವಿಧಿ ಅಂಗವೈಕಲ್ಯದಲ್ಲಿ ನೆರವಾಗಬೇಕೆಂದಿತು, 42ನೆಯದು ದುಡಿಮೆಯ ಪರಿಸ್ಥಿತಿ ನ್ಯಾಯವಾಗಿಯೂ ಮಾನವೀಯವಾಗಿಯೂ ಇರಬೇಕೆಂದಿತು. ತಾವು 41ರಲ್ಲಿ ಓದುವುದು ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮೂರು ಪದ. 37ರಲ್ಲಿ ಓದುವುದು ಈ ತತ್ವಗಳನ್ನು ಕೋರ್ಟಿನಲ್ಲಿ ಜಾರಿ ಮಾಡಿಸಲಾಗದು ಎಂಬ ಅರ್ಧ ಸಾಲು. ಆದರೂ ಇವು ಆಡಳಿತಕ್ಕೆ ಮೂಲಭೂತ, ಇವನ್ನು ಅನ್ವಯಿಸುವುದು ಸರ್ಕಾರದ ಕರ್ತವ್ಯ ಎಂಬ ಉಳಿದರ್ಧ ಪುಟ ತಿರುವದೆಯೇ ಕಾಣುತ್ತದೆ. ದುಡಿಯುವವನ ಆರೋಗ್ಯ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಇದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದ ಮೇಲೆ ಆ ಅರ್ಧ ಸಾಲಿನ ಆಸರೆಯೂ ತಮಗೆ ಅಷ್ಟು ಗಟ್ಟಿಯಲ್ಲ. ಇನ್ನು 14ನೇ ವಿಧಿಯ ಸಮಾನತೆ. ಒಂದೇ ಕಂಬದಿಂದ ಬಿದ್ದ ಕಾಯಂ ನೌಕರನನ್ನೂ ಗುತ್ತಿಗೆಯವನನ್ನೂ ಸಮನಾಗಿ ಕಾಯಿಸುವ ಮೂಲಕ ತಾವು ಅದೊಂದನ್ನು ಅಕ್ಷರಶಃ ಪಾಲಿಸುತ್ತಿದ್ದೀರಿ, ಒಪ್ಪುತ್ತೇನೆ.

ಆದಕಾರಣ ತಮ್ಮ ಪಾದಾರವಿಂದಗಳಲ್ಲಿ ಕೆಲವು ಬಡ ಬಿನ್ನಹಗಳು. ಅಪಘಾತವಾದ ತಿಂಗಳೊಳಗೆ ಕಡೇಪಕ್ಷ ಒಪ್ಪಿತ ಮೊತ್ತವನ್ನಾದರೂ ಬಿಡುಗಡೆ ಮಾಡಿ, ಉಳಿದದ್ದಕ್ಕೆ ಜಗಳವಾಡೋಣ. ಏಜೆನ್ಸಿಯವರನ್ನು ಹುಡುಕುವ ಜವಾಬ್ದಾರಿ ತಮ್ಮದಾಗಲಿ. ಮೀರಜ್‌ನ ಬಿಲ್ಲನ್ನು ಬಿಲ್ಲೆಂದೇ ಓದಿ. ಸ್ವ-ಇಚ್ಛೆಯ ಅರ್ಜಿಗಳ ಮೇಲಿನ ಪೆನ್ಸಿಲ್ ಗುರುತು ಅಳಿಸಿ. ಹಕ್ಕಿನ ಕಾಗದವನ್ನು ಕನ್ನಡದಲ್ಲಿ ಒಂದು ಪುಟ ಅಚ್ಚುಹಾಕಿಸಿ, ನೇಮಕದ ದಿನವೇ ಕೈಗಿಡಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಡ, ಸಂಪುಟದ ಒಪ್ಪಿಗೆ ಬೇಡ, ಶಿಲಾನ್ಯಾಸವೂ ಬೇಡ. ಇದೇ ನನಗಿರುವ ಆತಂಕ. ಇಷ್ಟು ಸುಲಭದ ಕೆಲಸ ತಮ್ಮ ಘನತೆಗೆ ತಕ್ಕುದಲ್ಲವೆಂದು ಹಿಂದಿರುಗಿಸಿಬಿಡುತ್ತೀರೇನೋ.

ಈ ಪತ್ರಕ್ಕೆ ಉತ್ತರಿಸುವ ಶ್ರಮ ತಮಗೆ ಬೇಡ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಭಕ್ತಿಯ ಭರದಲ್ಲಿ ಈ ಪತ್ರ ಆ ಮಿತಿಯನ್ನು ದಾಟಿದ್ದರಿಂದ ಪ್ರತ್ಯೇಕ ಅರ್ಜಿಯೊಂದನ್ನು ಲಗತ್ತಿಸಿದ್ದೇನೆ. ಅದರಲ್ಲಿ ಒಂದೇ ಪ್ರಶ್ನೆ: ಅಪಘಾತದ ದಿನದಿಂದ ಇಂದಿನವರೆಗೆ ತಾವು ಯಾವ ಯಾವ ಮೇಜಿನ ಮೇಲೆ ಎಷ್ಟೆಷ್ಟು ದಿನ ವಿಶ್ರಮಿಸಿದಿರಿ, ಆ ಮೇಜುಗಳ ಹಿಂದೆ ಕುಳಿತವರ ಹುದ್ದೆ, ಹೆಸರು ಏನು? ದಿನಗಳನ್ನು 163ರಿಂದ ಗುಣಿಸುವ ಕೆಲಸವನ್ನೂ, ಬಂದ ಮೊತ್ತವನ್ನು ಯಾರ ಹೆಸರಿನ ಮುಂದೆ ಬರೆಯಬೇಕೆಂದು ಕೋರ್ಟಿಗೆ ಕೇಳುವ ಕೆಲಸವನ್ನೂ ನಾವೇ ಮಾಡಿಕೊಳ್ಳುತ್ತೇವೆ.

ಇಂತಿ ತಮ್ಮ ವಿಧೇಯ,
ಐದು ತಾಲ್ಲೂಕುಗಳ ಗಾಯಾಳುಗಳ ಪರವಾಗಿ ಒಬ್ಬ ಅರ್ಜಿದಾರ

ಲಗತ್ತು: ಮಾಹಿತಿ ಹಕ್ಕು ಅರ್ಜಿ ಒಂದು, 10 ರೂಪಾಯಿಯ ಪೋಸ್ಟಲ್ ಆರ್ಡರ್ ಒಂದು. ಉತ್ತರಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ.